ಹಲ್ಲಣ್ಣನ ಮೂಲವ್ಯಾಧಿ

ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಕಟ್ಟುಹಲ್ಲು ಮಾಡುವುದು ಅವನ ಕೆಲಸ. ಹೀಗಾಗಿ ಅವನ ಮನೆಯಿದ್ದ ಕಟ್ಟಡದ ನಾಲ್ಕೂ ಮಹಡಿಯವರಿಗೆ ಅವನು ಹಲ್ಲಣ್ಣ. ಹತ್ತೊಂಬತ್ತು ವರ್ಷದಿಂದ ಅದೇ ಮರದ ಸ್ಟೂಲು, ಅದೇ ಕಿಟಕಿ, ಮೇಣ ಕರಗಿಸುವ ಅದೇ ಪುಟ್ಟ ದೀಪ. ಬೆಳಿಗ್ಗೆ ಒಂಬತ್ತಕ್ಕೆ ಕೂತರೆ ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ. ಅಂಥವನು ಆ ಸೋಮವಾರ ಸ್ಟೂಲಿನ ಮೇಲೆ ಕೂತ ತಕ್ಷಣ ಕೆಂಡ ತುಳಿದವನಂತೆ ಎದ್ದುಬಿಟ್ಟ.

ಎರಡು ದಿನದ ಹಿಂದೆ ಜ್ವರ ಬಂದು ಹೋಗಿತ್ತು. ತೊಡೆಸಂದಿಯಲ್ಲಿ ಒಂದು ಗಂಟು ಎದ್ದು ಮುಟ್ಟಿದರೆ ನೋಯುತ್ತಿತ್ತು. ಈಗ ಗುದದ್ವಾರದಲ್ಲಿ ಗಾಜಿನ ಚೂರು ಸಿಕ್ಕಿಕೊಂಡ ಹಾಗೆ. ಹತ್ತು ನಿಮಿಷಕ್ಕೊಮ್ಮೆ ಅವಸರವಾಗುತ್ತದೆ, ಓಡಿಹೋಗಿ ಕೂತರೆ ಲೋಳೆ, ಜೊತೆಗೆ ಒಂದೆಳೆ ರಕ್ತ, ಅಷ್ಟೇ. ನಲ್ಲಿಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಸದ್ದು ಹೊರಗೆ ಕೇಳಬಾರದೆಂದು ಅಂಗಿಯ ಕೈ ಕಚ್ಚಿಕೊಳ್ಳುತ್ತಿದ್ದ.

"ಏನ್ರೀ ಹಲ್ಲಣ್ಣ, ನಿಂತ್ಕೊಂಡೇ ಹಲ್ಲು ಜೋಡಿಸ್ತಿದ್ದೀರಿ?" ಎಂದರು ಡಾಕ್ಟರು, ಬಾಗಿಲಲ್ಲಿ ತಲೆ ಹಾಕಿ.

"ಸ್ವಲ್ಪ ಬೆನ್ನು ನೋವು ಸಾರ್."

ಅಲ್ಲಿ ಬೆನ್ನು ನೋವು ನಡೆಯಿತು. ಮನೆಯಲ್ಲಿ ಅಕ್ಕನ ಮುಂದೆ ನಡೆಯಲಿಲ್ಲ. ಭಾವ ತೀರಿಕೊಂಡ ಮೇಲೆ ಅವನು ಅಕ್ಕನ ಮನೆಗೇ ಬಂದಿದ್ದ. ಅಕ್ಕ ಇಪ್ಪತ್ತೆಂಟು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಲೈನು ಸರಿಯಿಲ್ಲದ ಕಾಲದಲ್ಲಿ ಕೂಗಿ ಕೂಗಿ ಬೆಳೆದ ದನಿ ಅವಳದು; ಗುಟ್ಟು ಹೇಳಿದರೂ ಮೆಟ್ಟಿಲವರೆಗೆ ಹೋಗುತ್ತಿತ್ತು.

"ಇದೇನೋ ನಿಂತ್ಕೊಂಡು ಊಟ ಮಾಡೋದು? ಬಸ್ಸು ಹಿಡೀಬೇಕಾ?"

"ಇಲ್ಲ ಅಕ್ಕ. ಮೂಲವ್ಯಾಧಿ ಅನ್ಸುತ್ತೆ."

ಬಾಯಿಗೆ ಬಂದ ಮೊದಲ ಮಾತು ಅದು. ಅಕ್ಕನಿಗೆ ಸಮಾಧಾನವೇ ಆಯಿತು. "ಅಷ್ಟೇನಾ? ಅಪ್ಪನಿಗೂ ಇತ್ತು ಮಾರಾಯ. ದಿನಾ ಬಿಸಿನೀರಿನ ಟಬ್ಬಲ್ಲಿ ಕೂರ್ತಿದ್ರು" ಎಂದು ಅಟ್ಟದಿಂದ ಪ್ಲಾಸ್ಟಿಕ್ ಟಬ್ಬು ಇಳಿಸಿದಳು. ಸಂಜೆಯ ಹೊತ್ತಿಗೆ ಹಲ್ಲಣ್ಣನ ಮೂಲವ್ಯಾಧಿ ನಾಲ್ಕನೇ ಮಹಡಿಗೆ ತಲುಪಿತ್ತು.

ಮರುದಿನ ಲಾಂಡ್ರಿ ಮಾವ ಒಗೆದ ಬೆಡ್‌ಶೀಟು ಕೊಡಲು ಮೇಲೆ ಬಂದರು. ಕಟ್ಟಡದ ಕೆಳಗೇ ಅವರ ಅಂಗಡಿ, ಎರಡು ಒಗೆಯುವ ಮೆಷಿನ್ನು, ಒಂದು ಹಬೆ ಇಸ್ತ್ರಿ. ಅರವತ್ತು ದಾಟಿದ ಮನುಷ್ಯ, ಎಲ್ಲರಿಗೂ ಮಾವ. ಬೆಡ್‌ಶೀಟಿನ ಮೇಲೆ ಹಳೆ ಟವೆಲುಗಳನ್ನು ಸುತ್ತಿ ಹೊಲಿದ ಒಂದು ಸಿಂಬಿ ಇತ್ತು.

"ಇದರ ಮೇಲೆ ಕೂತ್ಕೋ ಹಲ್ಲಣ್ಣ. ನೋಯೋ ಜಾಗ ನಡುವೆ ಬರುತ್ತೆ, ಒತ್ತಲ್ಲ. ನನಗೂ ಇತ್ತಪ್ಪ. ಇದರಲ್ಲಿ ನಾಚಿಕೆ ಏನು, ಎಲ್ರಿಗೂ ಇರೋದೇ ಅಲ್ವಾ ಆ ಜಾಗ?"

ಅಕ್ಕ ನಕ್ಕಳು. ಅವನೂ ನಕ್ಕ. ಆದರೆ ಅವನಿಗೆ ಎದೆಯೊಳಗೆ ಅಳುಕು ಶುರುವಾಗಿ ನಾಲ್ಕು ದಿನವಾಗಿತ್ತು. ಅವತ್ತೇ ಅವನ ಫೋನಿನಲ್ಲಿ ಗೆಳೆಯ ಕನ್ನಡಕನ ಮೆಸೇಜು ಬಂದು ಬಿದ್ದಿತ್ತು: "ಜ್ವರ. ಮೈಮೇಲೆ ಗುಳ್ಳೆ. ನಿನಗೇನೂ ಆಗಿಲ್ಲ ತಾನೆ? ಫೋನ್ ಮಾಡು."

ಕನ್ನಡಕ ಊರಿನ ಇನ್ನೊಂದು ತುದಿಯಲ್ಲಿ ಕನ್ನಡಕದ ಅಂಗಡಿಯಲ್ಲಿ ಗಾಜು ಸಾಣೆ ಹಿಡಿಯುವವನು. ಅಂಗಡಿಯ ಮೇಲೆಯೇ ಅವನ ಕೋಣೆ. ಆರು ವರ್ಷದಿಂದ ಭಾನುವಾರ ಮಧ್ಯಾಹ್ನ ಹಲ್ಲಣ್ಣ ಅಲ್ಲಿಗೆ ಹೋಗುತ್ತಿದ್ದ. "ನಾವಿಬ್ಬರೂ ಸೇರಿದ್ರೆ ಅರ್ಧ ಮುಖ ನಮ್ಮದೇ" ಎಂದು ಕನ್ನಡಕ ತಮಾಷೆ ಮಾಡುತ್ತಿದ್ದ. ಅಕ್ಕನಿಗೆ ಮಾತ್ರ ಚೆಸ್ ಆಡಲು ಹೋಗುತ್ತೇನೆಂದು ಹೇಳಿದ್ದ. "ಇಷ್ಟು ವರ್ಷ ಆಡಿ ಒಂದ್ಸಲ ಆದ್ರೂ ಗೆದ್ದಿದ್ದೀಯೇನೋ?" ಎಂದು ಅವಳು ಕೇಳಿದಾಗ "ಅವನು ತುಂಬ ಚೆನ್ನಾಗಿ ಆಡ್ತಾನೆ ಅಕ್ಕ" ಎಂದಿದ್ದ. ಅವರಿಬ್ಬರಿಗೂ ಚೆಸ್ಸಿನ ಕುದುರೆ ಯಾವ ಕಡೆ ಓಡುತ್ತದೆಂಬುದೂ ಸರಿಯಾಗಿ ಗೊತ್ತಿರಲಿಲ್ಲ.

ಮೆಸೇಜಿಗೆ ಅವನು ಉತ್ತರ ಕೊಡಲಿಲ್ಲ. ಉತ್ತರ ಕೊಟ್ಟರೆ ಮೂಲವ್ಯಾಧಿ ಸುಳ್ಳಾಗುತ್ತಿತ್ತು.

ಗುರುವಾರದ ಹೊತ್ತಿಗೆ ಸಿಂಬಿಯೂ ಟಬ್ಬೂ ಕೈಕೊಟ್ಟವು. ಗಲ್ಲದ ಮೇಲೆ ಒಂದು ಗುಳ್ಳೆ ಎದ್ದಿತು, ನಡುವೆ ಸಣ್ಣ ಗುಳಿ ಬಿದ್ದದ್ದು. ಕ್ಲಿನಿಕ್ಕಿಗೆ ರಜೆ ಹೇಳಿ, ಪರಿಚಯದವರು ಸಿಗದ ಆಸ್ಪತ್ರೆ ಬೇಕೆಂದು ಎರಡು ಬಸ್ಸು ಬದಲಿಸಿ ದೂರ ಹೋದ. ಎರಡರಲ್ಲೂ ಸೀಟು ಖಾಲಿಯಿದ್ದವು. ನಿಂತೇ ಹೋದ.

ಅಲ್ಲಿಯ ಡಾಕ್ಟರಿಗೆ ಐವತ್ತರ ಆಸುಪಾಸು. ಪರದೆ ಎಳೆದು, ಗೋಡೆಗೆ ಮುಖ ಮಾಡಿ ಮಂಡಿ ಮಡಚಿ ಮಲಗಲು ಹೇಳಿದರು. ಗೋಡೆಯ ಮೇಲೆ ಯಾರೋ ಪೆನ್ನಿನಿಂದ ಎಳೆದ ಒಂದು ಗೆರೆ ಇತ್ತು. ಪರೀಕ್ಷೆ ಮುಗಿಯುವವರೆಗೂ ಅವನು ಆ ಗೆರೆಯನ್ನೇ ನೋಡುತ್ತಿದ್ದ. ಬೆರಳು ತಾಗಿದ್ದಷ್ಟೇ, ಅವನ ಬಾಯಿಂದ ತನಗೇ ಗುರುತು ಸಿಗದ ದನಿ ಬಂತು.

"ಇಲ್ಲ, ಇಷ್ಟಕ್ಕೇ ಬಿಡ್ತೀನಿ, ಒಳಗೆ ನೋಡಲ್ಲ" ಎಂದರು ಡಾಕ್ಟರು. "ಇದು ಮೂಲವ್ಯಾಧಿ ಅಲ್ಲಪ್ಪ. ಸುತ್ತ ಹುಣ್ಣಾಗಿದೆ. ಒಳಗೂ ಊದಿಕೊಂಡಿದೆ, ಅದಕ್ಕೇ ಈ ಲೋಳೆ, ಈ ಅವಸರ. ಮಂಕಿಪಾಕ್ಸ್ ಅನ್ನೋ ವೈರಸ್ ಇರಬಹುದು. ಕೆಲವರಿಗೆ ಮೈಮೇಲೆ ಒಂದೋ ಎರಡೋ ಗುಳ್ಳೆ, ನೋವೆಲ್ಲ ಇಲ್ಲೇ." ಸ್ವಲ್ಪ ಬಿಟ್ಟು, ಕೈಗವಸು ಕಳಚುತ್ತಾ, ಮಾಮೂಲಿ ದನಿಯಲ್ಲಿ ಕೇಳಿದರು: "ಗಂಡಸರ ಜೊತೆ ಸಂಬಂಧ ಇದೆಯಾ?"

"ಇಲ್ಲ."

"ಕೇಳಿದ್ದು ಚಿಕಿತ್ಸೆಗೋಸ್ಕರ. ಬೇರೆ ಏನಕ್ಕೂ ಅಲ್ಲ."

"ಇಲ್ಲ ಸಾರ್."

ಡಾಕ್ಟರು ವಾದಿಸಲಿಲ್ಲ. ಹುಣ್ಣಿನಿಂದ ಹತ್ತಿಕಡ್ಡಿಯಲ್ಲಿ ಒರೆಸಿ ತೆಗೆದು ಪರೀಕ್ಷೆಗೆ ಕಳಿಸಿದರು. ನೋವಿಗೆ ಮಾತ್ರೆ, ಮಲ ಮೆತ್ತಗಾಗಲು ಪುಡಿ, ಹಚ್ಚಲು ಮುಲಾಮು ಬರೆದರು. ಎರಡು ದಿನಕ್ಕೆ ಫಲಿತಾಂಶ ಬಂತು. ಡಾಕ್ಟರು ಅಂದುಕೊಂಡದ್ದೇ. ಹಕ್ಕಳೆ ಉದುರಿ ಹೊಸ ಚರ್ಮ ಬರುವವರೆಗೆ ಒಂದೇ ಕೋಣೆಯಲ್ಲಿರಬೇಕು, ಅವನ ಬಟ್ಟೆ ಪಾತ್ರೆ ಬೇರೆ.

ಅದರ ಮಾರನೆಯ ದಿನ ಬೆಳಿಗ್ಗೆ ಆರೋಗ್ಯ ಕಚೇರಿಯಿಂದ ಒಬ್ಬರು ಮೇಡಂ ಬಂದರು. ಮಾಸ್ಕು, ಕೈಯಲ್ಲಿ ಫಾರಂ. ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡರು. ಅವರ ಹಿಂದೆಯೇ ಅಕ್ಕ ಇನ್ನೊಂದು ಕುರ್ಚಿ ತಂದಳು.

"ಇವರ ಜೊತೆ ನಾನೊಬ್ಬಳೇ ಮಾತಾಡಬಹುದಾ?" ಎಂದರು ಮೇಡಂ.

"ನನ್ನ ಮುಂದೆ ಹೇಳದೇ ಇರೋದು ಏನಿದೆ ಮೇಡಂ? ಎಂಟು ವರ್ಷದವನಿದ್ದಾಗಿಂದ ನಾನೇ ಸಾಕಿದ್ದು ಇವನನ್ನ."

ಮೇಡಂ ಅವನ ಮುಖ ನೋಡಿದರು. ಅಕ್ಕ ಹೊರಗಿರಲಿ ಎಂದು ಅವನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಹಾಗೆ ಹೇಳಿದರೇ ಏನೋ ಇದೆ ಎಂದಾಗುತ್ತದಲ್ಲ. ಬೋರಲು ಮಲಗಿದ್ದವನು ದಿಂಬಿಗೆ ಗಲ್ಲ ಒತ್ತಿಕೊಂಡ.

ಮೂರು ವಾರದಿಂದ ಯಾರ ಹತ್ತಿರ ಹೋಗಿದ್ದೀರಿ, ಯಾರನ್ನು ಮುಟ್ಟಿದ್ದೀರಿ, ಯಾರ ಮೈಮೇಲಾದರೂ ಗುಳ್ಳೆ ಕಂಡಿರಾ? ಎಲ್ಲಕ್ಕೂ ಇಲ್ಲ, ಗೊತ್ತಿಲ್ಲ ಎಂದ. ಮೇಡಂ ಫಾರಂ ಮಡಚುವಾಗ ಅಕ್ಕ ಥಟ್ಟನೆ ನೆಟ್ಟಗಾದಳು.

"ಒಂದ್ನಿಮಿಷ! ಲಾಂಡ್ರಿ ಮಾವನ ಕೈಮೇಲೆ ಗುಳ್ಳೆ ಇತ್ತಲ್ವೇನೋ? ಬೆಡ್‌ಶೀಟು ಕೊಡೋಕೆ ಬಂದಾಗ ನಾನೇ ನೋಡಿದೆ. ಕೆಂಪಗೆ, ಸಾಲಾಗಿ."

ಅವು ಹಬೆ ತಾಗಿ ಎದ್ದ ಬೊಕ್ಕೆಗಳೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಇಸ್ತ್ರಿಯ ಪೈಪು ಸೋರುವ ವಿಷಯ ಮಾವ ಅವನ ಹತ್ತಿರವೇ ಹೇಳಿಕೊಂಡಿದ್ದರು. ಆದರೆ ಎದುರಿಗೆ ಒಂದು ಬಾಗಿಲು ತಾನಾಗಿ ತೆರೆದಿತ್ತು, ಅದರೊಳಗೆ ನುಸುಳಿಬಿಟ್ಟರೆ ಭಾನುವಾರಗಳು ಉಳಿಯುತ್ತಿದ್ದವು.

"ಹೌದು," ಎಂದ. "ನಮ್ಮ ಬೆಡ್‌ಶೀಟೆಲ್ಲ ಅವರ ಹತ್ರಾನೇ ಹೋಗೋದು."

ಮೇಡಂ ಬರೆದುಕೊಂಡರು.

ಮುಂದಿನದನ್ನೆಲ್ಲ ಅವನು ಕಣ್ಣಿನಿಂದ ನೋಡಲಿಲ್ಲ. ಕಿವಿಯಿಂದ ಕೇಳಿದ. ಅವನ ಕೋಣೆಯ ಕಿಟಕಿ ಲಾಂಡ್ರಿಯ ನೆತ್ತಿಗೇ ಇತ್ತು. ಅಕ್ಕ ಮೆಟ್ಟಿಲಲ್ಲಿ ಸಿಕ್ಕವರಿಗೆಲ್ಲ "ಹುಷಾರು ಕಣ್ರೀ, ಅವರ ಕೈ ನೋಡಿ" ಎಂದಳು. ಅವಳಿಗೆ ಕೆಟ್ಟ ಮನಸ್ಸಿರಲಿಲ್ಲ; ತಮ್ಮನಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದೆಂದಷ್ಟೇ. ಆರೋಗ್ಯ ಕಚೇರಿಯವರು ಬಂದು ಮಾವನನ್ನು ಪರೀಕ್ಷೆಗೆ ಕರೆದುಕೊಂಡು ಹೋದದ್ದನ್ನು ಇಡೀ ಬೀದಿ ನೋಡಿತು. ಮಧ್ಯಾಹ್ನ ಅವರು ವಾಪಸು ಬರುವಷ್ಟರಲ್ಲಿ ಜನ ಬಾಗಿಲಲ್ಲಿ ನಿಂತಿದ್ದರು.

"ನಮ್ಮ ಬಟ್ಟೆ ಕೊಟ್ಟುಬಿಡಿ."

"ಇನ್ನೂ ಒಗೆದಿಲ್ಲಮ್ಮ."

"ಪರವಾಗಿಲ್ಲ, ಹಾಗೇ ಕೊಡಿ. ಇಲ್ಲ, ಮುಟ್ಟಬೇಡಿ, ಎಲ್ಲಿದೆ ಹೇಳಿ, ನಾವೇ ತಗೋತೀವಿ."

"ಇದು ಹಬೆ ಸುಟ್ಟದ್ದು ಕಣ್ರಮ್ಮ," ಎನ್ನುತ್ತಿದ್ದರು ಮಾವ. "ಈ ಕೆಲಸಕ್ಕೆ ಬಂದಾಗಿಂದ ಇದೆ. ನೀವೇ ಎಷ್ಟು ಸಲ ಮುಲಾಮು ಕೊಟ್ಟಿದ್ದೀರಿ ನೆನಪಿಲ್ವಾ?" ಅದನ್ನೇ ಎರಡನೆಯವರಿಗೆ, ಮೂರನೆಯವರಿಗೆ ಹೇಳಿದರು. ನಾಲ್ಕನೆಯವರಿಗೆ ಹೇಳುವಾಗ ದನಿ ಕುಗ್ಗಿತ್ತು. ಐದನೆಯವರಿಗೆ ಏನೂ ಹೇಳಲಿಲ್ಲ.

ಬೆಳಗಿನಿಂದ ಸಂಜೆಯವರೆಗೆ ಕೇಳುತ್ತಿದ್ದ ಮೆಷಿನ್ನಿನ ಗುಂಯ್ ಎನ್ನುವ ಸದ್ದು ಮರುದಿನ ಕೇಳಲಿಲ್ಲ. ಅದರ ಮರುದಿನವೂ ಇಲ್ಲ. ಹಲ್ಲಣ್ಣ ದಿನಕ್ಕೆ ಮೂರು ಸಲ ಬಿಸಿನೀರಿನ ಟಬ್ಬಿನಲ್ಲಿ ಕೂರುತ್ತಿದ್ದ. ಬೆಳಗಿನ ಹೊತ್ತು ಕಕ್ಕಸಿಗೆ ಹೋಗುವುದನ್ನು ಆದಷ್ಟು ಮುಂದೂಡುತ್ತಿದ್ದ. ನೋವು ಬಂದು ಹಿಂಡುವಾಗ, ಆಗಲಿ, ನನಗೆ ಇಷ್ಟು ಆಗಬೇಕಾದ್ದೇ ಎನ್ನಿಸುತ್ತಿತ್ತು. ನೋವು ಇಳಿದ ಕೂಡಲೇ ಅದು ಎಂಥ ಬೂಟಾಟಿಕೆಯೆಂದು ಗೊತ್ತಾಗುತ್ತಿತ್ತು. ಅವನು ನೋವು ತಿಂದರೆ ಕೆಳಗಿನ ಮೆಷಿನ್ನು ತಿರುಗುತ್ತದೆಯೇ?

ಎಂಟನೆಯ ದಿನ ಮೇಡಂ ಫೋನು ಮಾಡಿದರು. ಜ್ವರ ಕೇಳಿದರು, ರಕ್ತ ನಿಂತಿತೇ ಕೇಳಿದರು. ನಿಂತಿತ್ತು. ಕೊನೆಗೆ ಅಂದರು: "ಲಾಂಡ್ರಿಯವರಿಗೆ ಏನೂ ಇಲ್ಲ. ಅಂಗಡಿ ತೆಗೆಯಬಹುದು ಅಂತ ಹೇಳಿದ್ದೀನಿ. ತೆಗೆದೂ ಏನು ಮಾಡ್ಲಿ ಮೇಡಂ, ಯಾರು ಬರ್ತಾರೆ ಅಂತಾರೆ. ಆಮೇಲೆ, ಹಲ್ಲಣ್ಣ ಹೇಗಿದ್ದಾನೆ, ಈಗ ನೋವು ಕಮ್ಮಿಯಾ ಅಂತ ಕೇಳಿದ್ರು. ನಿಮ್ಮ ವಿಷಯ ನಾನು ಅವರಿಗೆ ಹೇಳೋ ಹಾಗಿಲ್ಲ. ಅವರು ಕೇಳಿದ್ರು ಅಂತ ನಿಮಗೆ ತಿಳಿಸಿದೆ, ಅಷ್ಟೇ."

ಹಲ್ಲಣ್ಣ ಫೋನು ಹಿಡಿದುಕೊಂಡೇ ಎದ್ದು ಕಿಟಕಿ ಮುಚ್ಚಿದ.

"ಮೇಡಂ, ಇದು ಲಾಂಡ್ರಿಯಿಂದ ಬಂದದ್ದಲ್ಲ."

"ಹೂಂ."

"ಒಬ್ಬರಿದ್ದಾರೆ. ನಂಬರು ಕೊಡ್ತೀನಿ."

"ಹೇಳಿ, ಬರ್ಕೋತೀನಿ. ಯಾರ ಹೆಸರೂ ಆಚೆ ಹೋಗಲ್ಲ." ಬರೆದುಕೊಂಡ ಮೇಲೆ ಮೇಡಂ ಹೇಳಿದರು: "ಅವತ್ತು ನಿಮ್ಮ ಅಕ್ಕನ್ನ ನಾನು ಗಟ್ಟಿಯಾಗಿ ಹೊರಗೆ ಕಳಿಸಬೇಕಿತ್ತು. ತಪ್ಪು ನಂದೂ ಇದೆ."

ತಪ್ಪು ಹಂಚಿಕೊಳ್ಳಲು ಇನ್ನೊಬ್ಬರು ಬಂದದ್ದಕ್ಕೆ ಅವನಿಗೆ ಇನ್ನಷ್ಟು ನಾಚಿಕೆಯಾಯಿತು. ಆ ಫೋನು ಇಟ್ಟವನೇ ಧೈರ್ಯ ಆರಿಹೋಗುವ ಮುಂಚೆ ಕನ್ನಡಕನಿಗೆ ಮಾಡಿದ.

"ಹದಿನೈದು ದಿನ ಆಯ್ತು," ಎಂದ ಕನ್ನಡಕ. "ಸತ್ತು ಹೋದೆ ಅಂದ್ಕೊಂಡೆ."

"ಅಷ್ಟು ಜೋರಾಗಿತ್ತಾ ನಿನಗೆ?"

"ನಾನಲ್ಲ. ನೀನು."

ಇಬ್ಬರೂ ನಗಲು ಹೋಗಿ ನಿಲ್ಲಿಸಿದರು. ಆಮೇಲೆ ಕನ್ನಡಕ ಮೆಲ್ಲಗೆ, ಹೋದ ತಿಂಗಳು ಹಳೆಯ ಪರಿಚಯದವನೊಬ್ಬ ಬಂದು ಎರಡು ದಿನ ಇದ್ದುಹೋದನೆಂದೂ, ಅವನಿಂದಲೇ ಬಂದಿರಬೇಕೆಂದೂ ಹೇಳಿದ. "ನಿನಗೆ ಹೇಳೋಕೆ ನನಗೆ ಮುಖ ಇರಲಿಲ್ಲ. ಗುಳ್ಳೆ ಅಂತಷ್ಟೇ ಬರೆದೆ." ಹಲ್ಲಣ್ಣನಿಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ಹದಿನೈದು ದಿನ ಫೋನು ಎತ್ತದವನು ಯಾವ ಬಾಯಲ್ಲಿ ಬೈಯುವುದು? "ಹುಷಾರಾಗಿರು" ಎಂದಷ್ಟೇ ಹೇಳಿ ಇಟ್ಟ.

ಅಕ್ಕ ಮಧ್ಯಾಹ್ನದ ತಟ್ಟೆ ತಂದು ಬಾಗಿಲ ಹೊರಗಿನ ಮಣೆಯ ಮೇಲಿಟ್ಟಳು. "ಅಕ್ಕ, ಅಲ್ಲೇ ಕೂತ್ಕೋ ಸ್ವಲ್ಪ" ಎಂದ. ಅವಳು ಕುರ್ಚಿ ಎಳೆದುಕೊಂಡಳು. ಅವನು ಅವಳನ್ನು ನೋಡದೆ, ಹಾಸಿಗೆಯ ಅಂಚು ನೋಡುತ್ತಾ ಹೇಳಿದ. ಅರ್ಧ ಗಂಟೆಯ ವಿಷಯವೆಂದು ಅಂದುಕೊಂಡಿದ್ದ. ನಾಲ್ಕು ವಾಕ್ಯಕ್ಕೆ ಮುಗಿದುಹೋಯಿತು.

"ಚೆಸ್ಸು..." ಎಂದಳು ಅಕ್ಕ.

"ಹೂಂ."

"ಆರು ವರ್ಷ."

"ಹೂಂ."

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. ಅವಳ ದನಿ ಎಂದೂ ಇಲ್ಲದಷ್ಟು ಸಣ್ಣಗಾಗಿತ್ತು.

"ಅದು ಹಾಗಿರಲಿ. ಅದಕ್ಕೆ ನನಗೆ ಟೈಮು ಬೇಕು, ಇವತ್ತೇ ಏನೂ ಹೇಳಲ್ಲ. ಆದ್ರೆ ಮಾವನ ಹೆಸರು ಬಂದದ್ದು ನನ್ನ ಬಾಯಿಂದ ಕಣೋ. ನಾನು ದಡ್ಡಿ, ಗೊತ್ತಿಲ್ಲದೆ ಅಂದೆ. ನಿನಗೆ ಗೊತ್ತಿತ್ತು. ನೀನು 'ಹೌದು' ಅಂದೆ. ಆಮೇಲೆ ನಾನು ಮನೆಮನೆಗೂ ಅದನ್ನ ಹೊತ್ಕೊಂಡು ತಿರುಗೋದನ್ನ ನೀನು ಮಲ್ಕೊಂಡು ಕೇಳ್ತಾ ಇದ್ದೆ."

"ತಪ್ಪಾಯ್ತು ಅಕ್ಕ."

"ನನಗ್ಯಾಕೆ ಹೇಳ್ತೀಯ?"

ಅವಳು ಎದ್ದಳು. ಚಪ್ಪಲಿ ಮೆಟ್ಟಿದ ಸದ್ದು, ಬಾಗಿಲಿನ ಸದ್ದು. ಆಮೇಲೆ ಮೆಟ್ಟಿಲ ಕಡೆಯಿಂದ ಆ ಎಕ್ಸ್‌ಚೇಂಜಿನ ದನಿ. ಮೊದಲನೆಯ ಮಹಡಿಯಿಂದಲೇ ಶುರು ಮಾಡಿದ್ದಳು.

"ಲಾಂಡ್ರಿ ಮಾವನ ಬಗ್ಗೆ ನಾನು ಹೇಳಿದ್ದು ಸುಳ್ಳು. ಅವರಿಗೆ ಯಾವ ರೋಗಾನೂ ಇಲ್ಲ. ರಿಪೋರ್ಟು ಬಂದಿದೆ. ನನ್ನದೇ ತಪ್ಪು."

"ಹಾಗಾದ್ರೆ ನಿಮ್ಮ ತಮ್ಮನಿಗೆ ಎಲ್ಲಿಂದ ಬಂತು?"

"ಅದು ನಿಮಗೆ ಬೇಡದ ವಿಷಯ."

ಎಲ್ಲ ಬಾಗಿಲಲ್ಲೂ ಅದೇ ಮಾತು. ಒಬ್ಬರು "ಇಷ್ಟು ವಯಸ್ಸಾಗಿ ಹೀಗೆ ಚಾಡಿ ಹೇಳ್ತಾರೇನ್ರೀ?" ಎಂದು ಬೈದರು. ನಾಲ್ಕನೆಯ ಮಹಡಿಯಲ್ಲಿ ಬಾಗಿಲು ಮುಖಕ್ಕೇ ಹಾಕಿಕೊಂಡ ಸದ್ದು ಕೇಳಿತು. ತನ್ನ ಮಾನವನ್ನು ಅಕ್ಕ ಸೆರಗಿನಲ್ಲಿ ಮುಚ್ಚಿಟ್ಟುಕೊಂಡು, ಅವಳ ಮಾನವನ್ನೇ ಬೀದಿಗೆ ಹರಡಿ ಬರುತ್ತಿದ್ದಾಳೆಂದು ಅವನಿಗೆ ಗೊತ್ತಾಯಿತು. ತಟ್ಟೆ ಹಾಗೇ ತಣ್ಣಗಾಯಿತು. ಅವನು ದಿಂಬಿನಲ್ಲಿ ಮುಖವಿಟ್ಟು ಅತ್ತ.

ಕೊನೆಯ ಹಕ್ಕಳೆ ಉದುರಲು ಇನ್ನೂ ಹನ್ನೆರಡು ದಿನ ಹಿಡಿಯಿತು. ಆಸ್ಪತ್ರೆಗೆ ಹೋಗಿ ತೋರಿಸಿದ. ಈ ಸಲ ಡಾಕ್ಟರು ಕೇಳುವ ಮುಂಚೆಯೇ "ಅವತ್ತು ಇಲ್ಲ ಅಂದಿದ್ದೆ ಸಾರ್, ಅದು ಸುಳ್ಳು" ಎಂದ. ಡಾಕ್ಟರು ತಲೆಯಾಡಿಸಿ, ಹಾಗಿದ್ದರೆ ಇನ್ನೆರಡು ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯದೆಂದು ಬರೆದುಕೊಟ್ಟರು. ಅವು ಸರಿಯಾಗಿಯೇ ಬಂದವು.

ಅಲ್ಲಿಂದ ಬಂದವನು ನೇರ ಲಾಂಡ್ರಿಗೆ ಹೋದ. ಶಟರು ಅರ್ಧ ತೆರೆದಿತ್ತು. ಮಾವ ಒಳಗೆ ಇಸ್ತ್ರಿ ಮೇಜಿನ ಬಟ್ಟೆ ಬಿಚ್ಚಿ ಹೊಸದು ಹೊದಿಸುತ್ತಿದ್ದರು. ಮೂಲೆಯಲ್ಲಿ ಮೂರೇ ಮೂರು ಗಂಟು ಬಟ್ಟೆ. ಮೊದಲು ಮೂವತ್ತಿರುತ್ತಿದ್ದವು.

"ಬಾ ಹಲ್ಲಣ್ಣ. ವಾಸಿಯಾಯ್ತಾ?"

"ಆಯ್ತು ಮಾವ." ನಿಂತೇ ಇದ್ದ. "ಮಾವ, ಅಕ್ಕ ಎಲ್ಲಾ ತನ್ನ ಮೇಲೆ ಹಾಕ್ಕೊಂಡಿದ್ದಾಳೆ. ಅವಳದ್ದೇನೂ ಇಲ್ಲ. ನಿಮ್ಮ ಕೈ ನೋಡಿ ಅವಳು ಕೇಳಿದಾಗ ಹೌದು ಅಂದಿದ್ದು ನಾನು. ಹಬೆ ಸುಟ್ಟದ್ದು ಅಂತ ಗೊತ್ತಿದ್ದೂ ಅಂದೆ."

ಮಾವನ ಕೈ ನಿಂತಿತು. "ಯಾಕೆ?"

"ನನಗೆ ಬಂದದ್ದು ಒಬ್ಬ ಗೆಳೆಯನಿಂದ. ಗೆಳೆಯ ಅಂದ್ರೆ..." ಮುಂದೆ ಹೋಗಲು ಆಗಲಿಲ್ಲ. "ಹೇಳೋಕೆ ನಾಚಿಕೆ ಆಯ್ತು ಮಾವ."

ಮಾವ ಅವನನ್ನು ನೋಡಿದರು. ಅರ್ಥವಾಗಲು ಹಿಡಿದ ಹೊತ್ತೆಲ್ಲ ಅವರ ಮುಖದ ಮೇಲೆ ಕಾಣುತ್ತಿತ್ತು. ಆಮೇಲೆ ಮೇಜಿನ ಬಟ್ಟೆಯ ಸುಕ್ಕನ್ನು ಅಂಗೈಯಿಂದ ನಿಧಾನವಾಗಿ ಒತ್ತಿದರು.

"ನಿನಗೆ ಯಾರಿಂದ ಬಂತೋ, ಎಲ್ಲಿ ಬಂತೋ, ಅದು ನನಗೆ ಬೇಡ," ಎಂದರು. "ನಿನಗೆ ನಾಚಿಕೆ ಆಗಬಾರದು ಅಂತ ಅದನ್ನ ನನಗೆ ಕೊಟ್ಟೆಯಲ್ಲ. ನನ್ನ ಮೊಮ್ಮಗಳು ಹತ್ತು ದಿನ ನನ್ನ ಕೈಯಿಂದ ನೀರು ತಗೊಳ್ಳಲಿಲ್ಲ, ಗೊತ್ತಾ?"

"ತಪ್ಪಾಯ್ತು ಮಾವ. ಬೈದುಬಿಡಿ."

"ಈಗ ಬರ್ತಾ ಇಲ್ಲ ಕಣಪ್ಪ. ಮನೆಗೆ ಹೋಗಿ ಬೈತೀನಿ. ನೀನು ಹೋಗು."

ಅವನು ಹೋದ.

ಕ್ಲಿನಿಕ್ಕಿನಲ್ಲಿ ಅವನ ಸ್ಟೂಲು ಹಾಗೇ ಇತ್ತು. ತಿಂಗಳು ಕಳೆಯುವ ಹೊತ್ತಿಗೆ ಒಂದು ಕಡೆ ಸ್ವಲ್ಪ ಬಿಗಿತ ಬಿಟ್ಟರೆ ನೋವೆಲ್ಲ ಹೋಗಿತ್ತು. ಕನ್ನಡಕನ ಹತ್ತಿರ ಮತ್ತೆ ಹೋಗತೊಡಗಿದ. ಮೊದಲ ಎರಡು ಭಾನುವಾರ ಇಬ್ಬರೂ ಬರೀ ಕಾಫಿ ಕುಡಿದು ಎದ್ದರು. ಮೂರನೆಯ ಸಲ ಹೊರಡುವಾಗ ಅಕ್ಕ ಅಡುಗೆಮನೆಯಿಂದ, ತಿರುಗಿ ನೋಡದೆ ಕೇಳಿದಳು: "ಅವರಿಗೂ ವಾಸಿಯಾಯ್ತಾ?"

"ಆಗಿದೆ ಅಕ್ಕ."

"ಸರಿ." ಪಾತ್ರೆಯ ಸದ್ದು. "ಬರೋದು ತಡ ಆದ್ರೆ ಫೋನ್ ಮಾಡು."

ಲಾಂಡ್ರಿಯ ಗಿರಾಕಿಗಳು ಅರ್ಧದಷ್ಟು ವಾಪಸು ಬಂದರು. ಉಳಿದವರು ಬರಲಿಲ್ಲ. ರಿಪೋರ್ಟು ಬಂದಿದ್ದರೂ, ಅಕ್ಕ ಬಾಗಿಲು ಬಾಗಿಲಿಗೂ ಹೇಳಿದ್ದರೂ, ಎಲ್ಲ ಗೊತ್ತಿದ್ದರೂ ಬರಲಿಲ್ಲ. ಅಕ್ಕ ಒಮ್ಮೆ ಬೆಡ್‌ಶೀಟಿನ ಗಂಟು ಹಿಡಿದು ಹೋದಾಗ ಮಾವ ಬಹಳ ಮರ್ಯಾದೆಯಿಂದ, "ಈಗ ಕೆಲಸ ಜಾಸ್ತಿ ತಗೊಳ್ತಿಲ್ಲಮ್ಮ" ಎಂದು ಹಿಂದಿರುಗಿಸಿದರು. ಅಂದಿನಿಂದ ಅಕ್ಕ, ತಮ್ಮ ಇಬ್ಬರೂ ಶನಿವಾರ ಮನೆಯಲ್ಲೇ ಒಗೆದು, ಆಚೆ ಈಚೆ ತುದಿ ಹಿಡಿದು ಹಿಂಡಿ ಒಣಗಿಸುತ್ತಾರೆ.

ಹಲ್ಲಣ್ಣ ಕಟ್ಟಡದ ಹಿಂದಿನ ಮೆಟ್ಟಿಲಿನಿಂದ ಇಳಿದು ಸುತ್ತುಹಾಕಿಕೊಂಡು ಕೆಲಸಕ್ಕೆ ಹೋಗುತ್ತಿದ್ದ. ಒಂದು ದಿನ ಅಲ್ಲಿ ಪೈಪು ಒಡೆದು ನೀರು ತುಂಬಿತ್ತು. ಮುಂದಿನಿಂದಲೇ ಇಳಿಯಬೇಕಾಯಿತು. ಮಾವ ಅಂಗಡಿಯ ಮುಂದೆ ನಿಂತು ಯಾರದೋ ಕೋಟು ಕೊಡವುತ್ತಿದ್ದರು. ಅವನು ತಲೆ ತಗ್ಗಿಸಿ ದಾಟುವಾಗ, ಅವರು ಕೋಟಿನ ಕಡೆಯೇ ನೋಡುತ್ತಾ, "ಗಾಳಿ ಜೋರಿದೆ ಇವತ್ತು" ಎಂದರು.

ಬೀದಿಯಲ್ಲಿ ಬೇರೆ ಯಾರೂ ಇರಲಿಲ್ಲ. "ಹೌದು ಮಾವ" ಎಂದ ಅವನು. ಅವರು ಮತ್ತೊಮ್ಮೆ ಕೋಟು ಕೊಡವಿದರು. ಅವನು ಒಂದು ಕ್ಷಣ ನಿಂತು ನೋಡಿ, ಕೆಲಸಕ್ಕೆ ಹೊರಟ.